ನೂರ ಅರವತ್ತೆಂಟು ಮುಟ್ಟಿದ ಕಡ್ಡಿ

ಚಿಯಾಯಿ ಊರಿನ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಶೇರು ದಲ್ಲಾಳಿ ಕಚೇರಿ. ಅಲ್ಲಿ ವೆಂಗ್ ಚಿಂಗ್-ಲೂ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತನಾಲ್ಕು ವರ್ಷ ರೈಲ್ವೆ ಗೇಟು ಕಾದವರು. ರೈಲು ಬರುವಾಗ ಗೇಟು ಇಳಿಸುವುದು, ಹೋದ ಮೇಲೆ ಏರಿಸುವುದು, ಎರಡರ ಸಮಯವನ್ನೂ ಪುಸ್ತಕದಲ್ಲಿ ಬರೆದಿಡುವುದು, ಇಷ್ಟೇ ಅವರ ವಿದ್ಯೆ. ಹನ್ನೊಂದು ವರ್ಷದಿಂದ ಶೇರುಪೇಟೆಯ ಎದುರು ಕೂತಿದ್ದರೂ ಅವರು ಇದುವರೆಗೆ ಒಂದೇ ಒಂದು ಶೇರನ್ನೂ ಕೊಂಡಿರಲಿಲ್ಲ. ಈ ಸಂಗತಿ ಅವರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವರು ಅಲ್ಲಿಗೆ ಬಂದದ್ದು ತಣ್ಣನೆ ಗಾಳಿಗೆ. ನಿವೃತ್ತರಾದ ಮೊದಲ ಬೇಸಿಗೆಯಲ್ಲಿ ಹೆಂಡತಿ ಶೂ-ಮೇ, "ಒಬ್ಬರಿಗೋಸ್ಕರ ದಿನವಿಡೀ ಎ.ಸಿ. ಹಾಕೋಕಾಗಲ್ಲ ನೋಡಿ. ಎಲ್ಲಾದ್ರೂ ಕೂತಿದ್ದು ಊಟದ ಹೊತ್ತಿಗೆ ಬನ್ನಿ" ಎಂದು ಕೈಗೆ ಕೊಡೆ ಕೊಟ್ಟು ಕಳಿಸಿದ್ದಳು. ಗ್ರಂಥಾಲಯದ ಕುರ್ಚಿ ಗಟ್ಟಿ. ಬ್ಯಾಂಕಿನಲ್ಲಿ ಕಾವಲಿನವನು ಟೋಕನ್ ಎಲ್ಲಿ ಎಂದು ಕೇಳುತ್ತಾನೆ. ಈ ಕಚೇರಿಯ ಹಾಲ್‌ನಲ್ಲಿ ಮಾತ್ರ ಯಾರೂ ಏನೂ ಕೇಳಲಿಲ್ಲ. ಬಿಸಿ ಚಹಾ, ಎರಡು ಪತ್ರಿಕೆ, ಮೆತ್ತನೆ ಕುರ್ಚಿ ಇದ್ದವು. ಎದುರಿನ ಗೋಡೆಯ ತುಂಬ ದೊಡ್ಡ ಫಲಕ. ಏರಿದ ಶೇರು ಕೆಂಪು ಅಂಕಿಯಲ್ಲಿ, ಇಳಿದದ್ದು ಹಸಿರಿನಲ್ಲಿ. ಅದರ ಮುಂದೆ ಅವರಂಥವರೇ ಹದಿನಾರು ಜನ, ತಂತಮ್ಮ ಕುರ್ಚಿಗೆ ತಂತಮ್ಮ ದಿಂಬು ಕಟ್ಟಿಕೊಂಡು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದೂವರೆಗೆ ಪೇಟೆ ಮುಚ್ಚುವ ತನಕ ಕೂರುತ್ತಿದ್ದರು.

ನಾಲ್ಕನೆಯ ದಿನ ಪಕ್ಕದ ಕುರ್ಚಿಯವರು, ಕೋ ಎಂಬ ನಿವೃತ್ತ ತೆರಿಗೆ ಗುಮಾಸ್ತರು, ಫಲಕದ ಕಡೆ ಬೆರಳು ತೋರಿಸಿ, "ಇದು ಇನ್ನೂ ಏರುತ್ತೆ ಅಂತೀರಾ?" ಎಂದು ಕೇಳಿದರು. ವೆಂಗ್ ತೂಕಡಿಸುತ್ತಿದ್ದರು. ಕನಸಿನಲ್ಲಿ ಅವರದೇ ಗೇಟು. "ಏರಿದ್ದು ಇಳೀಲೇಬೇಕಲ್ಲ. ಎಷ್ಟು ಹೊತ್ತು ಮೇಲೇ ಇರುತ್ತೆ?" ಎಂದುಬಿಟ್ಟರು. ಕೋ ಕೂಡಲೇ ಎದ್ದು ಹೋಗಿ ಮಾರಿದರು. ಮರುದಿನ ಆ ಶೇರು ನೆಲ ಕಚ್ಚಿತು. ಅಂದಿನಿಂದ ವೆಂಗ್ ಮೇಷ್ಟ್ರಾದರು. ಹಾಳೂರಿಗೆ ಉಳಿದವನೇ ಗೌಡ ಎನ್ನುವುದು ಸುಮ್ಮನೆ ಅಲ್ಲ. ಆಮೇಲಿನ ಹನ್ನೊಂದು ವರ್ಷವನ್ನು ಅವರು "ನೋಡೋಣ", "ಅವಸರ ಬೇಡ", "ನಾನಂದಿದ್ದೆನಲ್ಲ" ಎಂಬ ಮೂರು ಮಾತಿನಲ್ಲೇ ದಾಟಿಸಿದರು. ಈ ಮೂರಕ್ಕೆ ಸಿಗದ ಶೇರು ಲೋಕದಲ್ಲಿ ಇಲ್ಲ ಎಂಬುದನ್ನು ಅವರು ಬೇಗನೆ ಕಂಡುಕೊಂಡಿದ್ದರು.

ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಲಾಭಕ್ಕೆ ಮಾರಿದವರು ಅವತ್ತು ಎಲ್ಲರಿಗೂ ದೌಹ್ವಾ ತಿನ್ನಿಸಬೇಕು. ಎದುರು ಬೀದಿಯ ಅಂಗಡಿಯಲ್ಲಿ ಸಿಗುವ, ಸೋಯಾ ಹಾಲಿನಲ್ಲಿ ತೇಲುವ ಗಿಣ್ಣಿನಂಥ ಆ ಬಟ್ಟಲುಗಳನ್ನು ಲಾಭ ಕಂಡವರೇ ತಟ್ಟೆಯಲ್ಲಿ ಹೊತ್ತು ತಂದು, ಒಬ್ಬೊಬ್ಬರ ಕೈಗೂ ಕೊಟ್ಟು, ತಾವು ಕೊನೆಗೆ ತಿನ್ನಬೇಕು. ಪೇಟೆಯಿಂದ ಬಂದ ದುಡ್ಡೇ ಆಗಬೇಕು, ಸ್ವಂತ ಜೇಬಿನದು ಕೂಡದು. ಒಮ್ಮೆ ಕೋ ತಮ್ಮ ಹುಟ್ಟುಹಬ್ಬಕ್ಕೆಂದು ಪಿಂಚಣಿ ದುಡ್ಡಿನಲ್ಲಿ ತಿನ್ನಿಸಿದ್ದರು. ಮರುದಿನ ಇಡೀ ಗೋಡೆ ಹಸಿರಾಗಿತ್ತು. ಆಮೇಲೆ ಯಾರೂ ಆ ಧೈರ್ಯ ಮಾಡಿರಲಿಲ್ಲ.

ವೆಂಗ್ ಹನ್ನೊಂದು ವರ್ಷದಲ್ಲಿ ನಾನೂರ ಹನ್ನೆರಡು ಬಟ್ಟಲು ದೌಹ್ವಾ ತಿಂದಿದ್ದರು. ಗೇಟಿನವರಲ್ಲವೇ, ಎಲ್ಲವನ್ನೂ ಸಣ್ಣ ಪುಸ್ತಕದಲ್ಲಿ ಸಮಯದ ಸಮೇತ ಬರೆದಿಡುವ ಚಟ. ತಿನ್ನಿಸಿದ್ದು ಸೊನ್ನೆ. ಜನ ಅದಕ್ಕೂ ಒಂದು ಅರ್ಥ ಹಚ್ಚಿದ್ದರು. "ಮೇಷ್ಟ್ರದ್ದು ದೂರದ ದೃಷ್ಟಿ ಕಣ್ರೀ. ಕೊಂಡದ್ದನ್ನ ಮಾರೋರೇ ಅಲ್ಲ" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ವೆಂಗ್ ಗಂಭೀರವಾಗಿ ಚಹಾ ಹೀರುತ್ತಿದ್ದರು.

ಏಪ್ರಿಲ್ ಕೊನೆಯಲ್ಲಿ ಕಚೇರಿಯ ಮ್ಯಾನೇಜರ್ ರುವಾನ್, ಮಗನ ವಯಸ್ಸಿನ ಹುಡುಗ, ಫಲಕದ ಮುಂದೆ ನಿಂತು ಕೈ ಹೊಸೆಯುತ್ತ ಹೇಳಿದ: "ಹಿರಿಯರೆಲ್ಲ ಬೇಜಾರ್ ಮಾಡ್ಕೋಬಾರ್ದು. ಈಗ ಎಲ್ಲರೂ ಫೋನಲ್ಲೇ ಕೊಂಡು ಮಾರ್ತಾರೆ. ಜೂನ್ ಮೂವತ್ತಕ್ಕೆ ಹಾಲ್ ಮುಚ್ಚಿ ಅಂತ ಮೇಲಿನವರ ಆದೇಶ ಬಂದಿದೆ."

ಮೊದಲು ಬಾಯಿ ತೆರೆದವಳು ಯೂ-ಚಾನ್. ಅವಳದು ಬೆಳಗಿನ ತಿಂಡಿ ಅಂಗಡಿ. ಹತ್ತು ಗಂಟೆಗೆ ಮೊಟ್ಟೆ ದೋಸೆಯ ಕಾವಲಿ ಇಳಿಸಿ ನೇರ ಇಲ್ಲಿಗೆ ಬರುತ್ತಿದ್ದಳು. ಕೈಯಲ್ಲಿ ಶೇರು ಇರುವ ದಿನ ಅವಳು ದೋಸೆಗೆ ಹಸಿರು ಈರುಳ್ಳಿಯನ್ನೇ ಹಾಕುವವಳಲ್ಲ. ಗಿರಾಕಿ ಬಿಟ್ಟರೂ ಬಿಟ್ಟಾಳು, ಹಸಿರು ಮುಟ್ಟಳು. ಬಾಯಿ ಮಾತ್ರ ಕಾವಲಿಗಿಂತ ಬಿಸಿ.

"ಎರಡು ತಿಂಗಳಿದೆ" ಎಂದಳು. ಆಮೇಲೆ ವೆಂಗ್ ಕಡೆ ತಿರುಗಿದಳು. "ಮೇಷ್ಟ್ರೇ, ಹನ್ನೊಂದು ವರ್ಷ ನಮ್ಮ ಕೈಯಿಂದ ತಿಂದ್ರಿ. ನಾವು ಒಂದಿನ ಬಾಯಿ ಬಿಟ್ಟು ಕೇಳಿದೀವಾ? ಬಾಗಿಲು ಹಾಕೋದರೊಳಗೆ ಒಂದೇ ಒಂದ್ಸಲ ನಿಮ್ಮ ಕೈಯಿಂದ ತಿನ್ಸಿಬಿಡಿ. ಅದನ್ನ ತಿಂದು ಮನೆಗೆ ಹೋಗ್ತೀವಿ."

"ಅದಕ್ಕೇನಂತೆ ತಾಯಿ, ನೋಡೋಣ" ಎಂದರು ವೆಂಗ್.

"ನೋಡಿದ್ದು ಸಾಕು. ಹನ್ನೊಂದು ವರ್ಷ ನೋಡಾಯ್ತು."

ಎಲ್ಲರೂ ನಕ್ಕರು. ವೆಂಗ್ ಕೂಡ ನಕ್ಕರು, ಆದರೆ ಕಿವಿ ಬಿಸಿಯಾಗಿತ್ತು. ಮನೆಗೆ ನಡೆಯುವ ದಾರಿಯಲ್ಲಿ ಆ ಪುಸ್ತಕ ತೆಗೆದು ನಾನೂರ ಹನ್ನೆರಡನ್ನು ಮತ್ತೊಮ್ಮೆ ನೋಡಿದರು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ತನ್ನನ್ನು ಮೇಷ್ಟ್ರು ಎಂದು ಕರೆದು, ಬಟ್ಟಲನ್ನು ಮೊದಲು ತನ್ನ ಕೈಗೇ ಕೊಡುತ್ತಿದ್ದ ಜನ ಅವರು. ಅವರಿಗೆ ಒಂದು ಸಲ ತಿನ್ನಿಸದೆ ಆ ಹಾಲ್‌ನ ಬಾಗಿಲು ಮುಚ್ಚಿದರೆ ತಾನು ಬರೀ ತಿಂದವನಾಗಿಯೇ ಉಳಿಯುತ್ತೇನೆ ಎನಿಸಿತು. ಹದಿನಾರು ಬಟ್ಟಲಿಗೆ ಆಗುವಷ್ಟು ಲಾಭ, ಅದೂ ಪೇಟೆಯಿಂದ, ಜೂನ್ ಮೂವತ್ತರೊಳಗೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೇಷ್ಟ್ರು ವಿದ್ಯಾಭ್ಯಾಸಕ್ಕೆ ಕೂತದ್ದು ಹೀಗೆ.

ಹಳೆ ಪುಸ್ತಕದಂಗಡಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ಶೇರಿನ ಬೆಲೆಯ ಚಿತ್ರ ಓದಿ ಮುಂದಿನದನ್ನು ತಿಳಿಯುವ ವಿದ್ಯೆ, ಎಳೆಯರಿಗೂ ಅರ್ಥವಾಗುವಂತೆ. ಪ್ರತಿ ಪುಟದಲ್ಲೂ ಒಂದು ಮೊಲ ಕೈ ತೋರಿಸಿ ಪಾಠ ಹೇಳುತ್ತಿತ್ತು. ವೆಂಗ್ ಅದಕ್ಕೆ ರೈಲ್ವೆ ನಿವೃತ್ತರ ಸಂಘದ ವಾರ್ಷಿಕ ವರದಿಯ ರಟ್ಟು ಹೊದಿಸಿದರು. ಮೇಷ್ಟ್ರು ಮೊಲದ ಹತ್ತಿರ ಪಾಠ ಹೇಳಿಸಿಕೊಳ್ಳುವುದನ್ನು ಊರು ನೋಡಬಾರದಲ್ಲ.

ಮೊದಲ ಪಾಠ ಕಡ್ಡಿ. ಹನ್ನೊಂದು ವರ್ಷದಿಂದ ಹಾಲ್‌ನ ಫಲಕದ ಪಕ್ಕದ ಪರದೆಯ ಮೇಲೆ ನೋಡುತ್ತಿದ್ದ ಆ ಕೆಂಪು ಹಸಿರು ಕಡ್ಡಿಗಳು ಏನೆಂದು ಅವರಿಗೆ ಆಗ ತಿಳಿಯಿತು. ದಿನಕ್ಕೊಂದು ಕಡ್ಡಿ. ಬೆಳಿಗ್ಗೆ ಬೆಲೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದರ ನಡುವೆ ಅದರ ದಪ್ಪ ಮೈ; ನಡುವೆ ಎಷ್ಟು ಮೇಲೆ ಹೋಗಿತ್ತು, ಎಷ್ಟು ಕೆಳಗೆ ಇಳಿದಿತ್ತು ಎಂಬುದಕ್ಕೆ ಮೇಲೆ ಕೆಳಗೆ ಸಣ್ಣ ಬಾಲ. ಶುರುವಿಗಿಂತ ಮೇಲೆ ಮುಗಿದರೆ ಕೆಂಪು, ಕೆಳಗೆ ಮುಗಿದರೆ ಹಸಿರು. ಇಷ್ಟೇ! ಇದನ್ನು ತಿಳಿಯದೆ ಎಷ್ಟು ಜನಕ್ಕೆ "ಅವಸರ ಬೇಡ" ಎಂದಿದ್ದೆ ಎಂದು ನೆನೆದು ಅವರು ತಮ್ಮ ಹಣೆಯನ್ನೇ ಚಚ್ಚಿಕೊಂಡರು.

ನೂರು ಕಡ್ಡಿ ಕೈಯಲ್ಲಿ ಎಳೆದು ಅಭ್ಯಾಸ ಮಾಡು ಎಂದಿತು ಮೊಲ. ಕಷ್ಟ ಬಂದದ್ದು ಅಲ್ಲಿ. ಹಾಲ್‌ನಲ್ಲಿ ಕೂತು ಫಲಕದಿಂದ ಬೆಲೆ ಬರೆದುಕೊಂಡರೆ ಮೇಷ್ಟ್ರ ಮಾನ ಹೋಗುತ್ತದೆ. ಹೊಸ ಫೋನಿನಲ್ಲಿ ಹುಡುಕುವುದು ಬರುವುದಿಲ್ಲ. ಆಗ ಊಟದ ಮೇಜಿನ ಮೇಲಿದ್ದ ಬಿ.ಪಿ. ಪುಸ್ತಕ ಕಣ್ಣಿಗೆ ಬಿತ್ತು. ಹೊಸ ವರ್ಷದಿಂದ ಡಾಕ್ಟರ್ ಹೇಳಿದಂತೆ ಅವರು ದಿನಕ್ಕೆ ನಾಲ್ಕು ಸಲ ರಕ್ತದೊತ್ತಡ ಅಳೆದು ಬರೆಯುತ್ತಿದ್ದರು. ಎದ್ದಾಗ ಒಂದು, ಮಲಗುವಾಗ ಒಂದು, ನಡುವೆ ಎರಡು. ಬಿ.ಪಿ.ಯ ಮೇಲಿನ ಅಂಕಿಯನ್ನಷ್ಟೇ ತೆಗೆದುಕೊಂಡರೆ ದಿನಕ್ಕೆ ನಾಲ್ಕು; ಕಡ್ಡಿಗೂ ಬೇಕಾದದ್ದು ನಾಲ್ಕೇ ಅಂಕಿ. ಬೆಳಗಿನದು ಶುರು, ಮಲಗುವಾಗಿನದು ಮುಕ್ತಾಯ, ನಾಲ್ಕರಲ್ಲಿ ಹೆಚ್ಚಿನದು ತುದಿ, ಕಡಿಮೆಯದು ಬುಡ. ಅಂಗಡಿಗೆ ಹೋಗಿ ಚೌಕುಳಿ ಹಾಳೆ, ಕೆಂಪು ಹಸಿರು ಪೆನ್ಸಿಲ್ ತಂದರು. ಮೂರೇ ಮಧ್ಯಾಹ್ನದಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ವೆಂಗ್ ಚಿಂಗ್-ಲೂ ಹಾಳೆಯ ಮೇಲೆ ಸಾಲಾಗಿ ನಿಂತರು.

ವಿದ್ಯೆ ಹತ್ತತೊಡಗಿತು. ಬೆಲೆ ಮತ್ತೆ ಮತ್ತೆ ಬಂದು ತಡೆದು ನಿಲ್ಲುವ ಕೆಳಗಿನ ಗೆರೆ ನೆಲ. ಏರಿ ಏರಿ ತಲೆ ತಗುಲಿಸಿಕೊಂಡು ವಾಪಸಾಗುವ ಮೇಲಿನ ಗೆರೆ ಚಾವಣಿ. ವೆಂಗ್ ಅವರ ನೆಲ ನೂರ ಮೂವತ್ತೆರಡು, ಚಾವಣಿ ನೂರ ಐವತ್ತು. ಐದು ದಿನದ ಸರಾಸರಿಗೆ ಒಂದು ಗೆರೆ, ಇಪ್ಪತ್ತು ದಿನದ್ದಕ್ಕೆ ಇನ್ನೊಂದು. ವಾರದ ಗೆರೆ ತಿಂಗಳ ಗೆರೆಯನ್ನು ಕೆಳಗಿನಿಂದ ಕತ್ತರಿಸಿ ಮೇಲೆ ಹೋದರೆ ಅದು ಚಿನ್ನದ ಕತ್ತರಿ, ಕಣ್ಣು ಮುಚ್ಚಿ ಕೊಳ್ಳು ಎಂದಿತ್ತು ಮೊಲ. ಹಾಲ್ ಮುಚ್ಚುವ ಚಿಂತೆ, ದೌಹ್ವಾದ ಚಿಂತೆ ಎರಡೂ ಸೇರಿ ಮೇ ತಿಂಗಳಲ್ಲಿ ಅವರ ಕಡ್ಡಿಗಳು ಒಂದರ ಮೇಲೊಂದು ಕೆಂಪಾಗುತ್ತ ಹೋದವು. ಮೇ ಇಪ್ಪತ್ತರಂದು ಚಿನ್ನದ ಕತ್ತರಿ ಬಿತ್ತು. ಎರಡು ದಿನ ಬಿಟ್ಟು ಚಾವಣಿಯೂ ಒಡೆಯಿತು.

"ದಾಟ್ತು! ನೂರ ಐವತ್ತು ದಾಟೇಬಿಡ್ತು!" ಎಂದು ವೆಂಗ್ ತೊಡೆ ತಟ್ಟಿದರು.

"ಏನು ದಾಟ್ತು?" ಎಂದಳು ಶೂ-ಮೇ, ಅಡುಗೆಮನೆಯಿಂದ ಕತ್ತು ಚಾಚಿ.

"ನನ್ನ ಬಿ.ಪಿ."

ಶೂ-ಮೇ ಸೌಟು ಹಿಡಿದೇ ಉಪ್ಪಿನ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು. ಅವತ್ತಿನಿಂದ ಅವರ ಸಾರಿಗೆ ಉಪ್ಪು ಬೀಳಲಿಲ್ಲ.

ಆ ಹಾಳೆಯನ್ನು ವೆಂಗ್ ಪತ್ರಿಕೆಯೊಳಗೆ ಮಡಿಸಿಟ್ಟು ಹಾಲ್‌ಗೂ ಒಯ್ಯುತ್ತಿದ್ದರು. ಫಲಕದ ಪಕ್ಕದ ಪರದೆಯ ಮೇಲೆ ಬರುವ ನಿಜವಾದ ಕಡ್ಡಿಗಳ ಜೊತೆ ಕದ್ದು ಹೋಲಿಸುವುದು ಅವರಿಗೆ ಖುಷಿ. ಒಂದು ಮಧ್ಯಾಹ್ನ ಅದನ್ನು ಕುರ್ಚಿಯಲ್ಲೇ ಮರೆತು ಊಟಕ್ಕೆ ಹೋದರು. ಮರುದಿನ ಬಂದಾಗ ಹಾಳೆ ಅಲ್ಲೇ ಇತ್ತು, ಮಡಿಕೆ ಕೂಡ ಕೆಡದಂತೆ. ಆದರೆ ಹಾಲ್‌ನ ಗಾಳಿ ಬದಲಾಗಿತ್ತು. ಯಾರೂ ಅವರ ಕಣ್ಣಿಗೆ ಕಣ್ಣು ಕೊಡುತ್ತಿಲ್ಲ. ಅಲ್ಲಲ್ಲಿ ಗುಸುಗುಸು. ಮೂರನೆಯ ದಿನ ಯೂ-ಚಾನ್ ಬಂದು ಪಕ್ಕದಲ್ಲಿ ಕೂತಳು. ಕೋ ಹಿಂದೆ ನಿಂತರು.

"ಒಬ್ಬರೇ ತಿನ್ನೋಕೆ ಹೊರಟಿದ್ರಲ್ಲ ಮೇಷ್ಟ್ರೇ, ಇದು ನ್ಯಾಯಾನಾ?"

"ಏನನ್ನ ತಾಯಿ?"

"ಹೊಲಿಗೆ ಯಂತ್ರ."

ವೆಂಗ್‌ಗೆ ಏನೂ ಅರ್ಥವಾಗಲಿಲ್ಲ. ಯೂ-ಚಾನ್ ದನಿ ತಗ್ಗಿಸಿದಳು. "ಹಾಳೇಲಿ ಕಂಪನಿ ಹೆಸರು ಬರೀದಿದ್ರೆ ನಾವು ಕಂಡುಹಿಡಿಯಲ್ವಾ? ಕೋ ಅಣ್ಣ ನಲವತ್ತು ವರ್ಷ ಊರವರು ಬಚ್ಚಿಟ್ಟ ದುಡ್ಡು ಹುಡುಕಿದೋರು. ನೂರ ಮೂವತ್ತು ನೂರ ಐವತ್ತರ ಮಧ್ಯೆ ಓಡಾಡ್ತಿರೋ ಶೇರು ಯಾವ್ದು ಅಂತ ಒಂದೊಂದೇ ಜಾಲಾಡಿದ್ರು. ಹೊಲಿಗೆ ಯಂತ್ರದ ಭಾಗ ಮಾಡೋ ಕಂಪನಿ. ಸರೀನಾ?"

"ಪೂರ್ತಿ ಹೊಂದಲ್ಲ" ಎಂದರು ಕೋ ಗಂಭೀರವಾಗಿ. "ನಾನೂ ನೋಡ್ದೆ. ಕೊನೇ ಆರೇಳು ಕಡ್ಡಿ ಪೇಟೇಲಿ ಇನ್ನೂ ಬಂದೇ ಇಲ್ಲ. ಆಗ ಗೊತ್ತಾಯ್ತು, ಮೇಷ್ಟ್ರು ಮುಂದಿನ ವಾರದ್ದನ್ನ ಈಗಲೇ ಎಳೆದಿಟ್ಟಿದಾರೆ ಅಂತ."

"ಎಲ್ಲರೂ ಕೊಂಡ್ವಿ" ಎಂದಳು ಯೂ-ಚಾನ್. "ನೂರ ನಲವತ್ತೊಂದಕ್ಕೆ. ನಾನು ಅಂಗಡಿ ಹೊಸ ಕಾವಲಿಗೆ ಇಟ್ಟಿದ್ದನ್ನೂ ಹಾಕಿದೀನಿ."

ವೆಂಗ್ ಬಾಯಿ ತೆರೆದರು. "ಅದು ನನ್ನ—" ಎಂದರು. ಅಷ್ಟರಲ್ಲಿ ಹದಿನಾರು ಮುಖಗಳೂ ತಮ್ಮ ಕಡೆ ತಿರುಗಿರುವುದು ಕಂಡಿತು. ಹನ್ನೊಂದು ವರ್ಷದ ನಂಬಿಕೆ ಆ ಮುಖಗಳಲ್ಲಿ. ಅವರ ಹಿಂದೆ ಫಲಕದಲ್ಲಿ ಹೊಲಿಗೆ ಯಂತ್ರ ಕೆಂಪಾಗಿ ನೂರ ನಲವತ್ತೈದು ತೋರಿಸುತ್ತಿತ್ತು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಇದಕ್ಕಿಂತ ಕಷ್ಟದ ಗಳಿಗೆಯೂ ಇರಲಿಲ್ಲ.

"ಅವಸರ ಬೇಡ" ಎಂದರು ವೆಂಗ್. ಈಗಲೇ ಮಾರಬೇಡಿ ಎಂದು ಮೇಷ್ಟ್ರು ಅಪ್ಪಣೆ ಕೊಟ್ಟರೆಂದು ಎಲ್ಲರೂ ತಲೆದೂಗಿದರು.

ಆಮೇಲೆ ದಿನಾ ಬೆಳಿಗ್ಗೆ ಹಾಳೆ ತೋರಿಸಬೇಕಾಯಿತು. ಕೊಡದಿದ್ದರೆ ಯೂ-ಚಾನ್ ಪತ್ರಿಕೆಯೊಳಗಿಂದ ಎಳೆದುಕೊಳ್ಳುತ್ತಿದ್ದಳು. ಸುಳ್ಳು ಅಂಕಿ ಬರೆಯೋಣವೆಂದರೆ ಮೂವತ್ತನಾಲ್ಕು ವರ್ಷ ಗೇಟಿನ ಪುಸ್ತಕದಲ್ಲಿ ಒಂದು ನಿಮಿಷವನ್ನೂ ತಪ್ಪು ಬರೆಯದ ಕೈ ಒಪ್ಪಲಿಲ್ಲ. ಬಾಯಲ್ಲಿ ಎಷ್ಟಾದರೂ ಸುಳ್ಳು ಹೇಳಬಲ್ಲ ಮನುಷ್ಯ, ಬರವಣಿಗೆಯಲ್ಲಿ ಹರಿಶ್ಚಂದ್ರ. ಭಯದಿಂದ ಬಿ.ಪಿ. ಏರಿತು. ಏರಿದ್ದನ್ನು ಕಂಡು ಜನ ಹಿಗ್ಗಿದರು. ಜನ ಹಿಗ್ಗಿದ್ದು ಕಂಡು ಬಿ.ಪಿ. ಇನ್ನೂ ಏರಿತು. ನೂರ ಐವತ್ತೆಂಟು, ನೂರ ಅರವತ್ಮೂರು, ಒಂದು ದಿನ ನೂರ ಅರವತ್ತೆಂಟು. ಬಾಯಲ್ಲಿ ಹೇಳಿದರೆ "ದಾರಿಯುದ್ದಕ್ಕೂ ಏಳಿಗೆ" ಎಂದು ಕೇಳಿಸುವ ಇದಕ್ಕಿಂತ ಶುಭದ ಸಂಖ್ಯೆ ನಮ್ಮಲ್ಲಿ ಇಲ್ಲ. ಕಾರಿಗೆ ಈ ನಂಬರ್ ಸಿಗಲೆಂದು ಜನ ದುಡ್ಡು ಸುರಿಯುತ್ತಾರೆ. ಕೋ ಕೈ ಮುಗಿದೇಬಿಟ್ಟರು.

ಇಲ್ಲಿಯವರೆಗೆ ಆದದ್ದನ್ನು ದುರದೃಷ್ಟ ಎನ್ನಬಹುದು. ಮುಂದೆ ವೆಂಗ್ ಮಾಡಿದ್ದಕ್ಕೆ ಆ ಹೆಸರು ಸಲ್ಲದು. ಹೊಲಿಗೆ ಯಂತ್ರ ನೂರ ಐವತ್ತಾರಕ್ಕೆ ಬಂದಾಗ ಅವರು ಪರದೆಯಲ್ಲಿ ಅದರ ನಿಜವಾದ ಚಿತ್ರ ನೋಡಿದರು. ಅಲ್ಲೂ ಚಿನ್ನದ ಕತ್ತರಿ ಬಿದ್ದಿತ್ತು! ಮೊಲ ಹೇಳಿದ ಲಕ್ಷಣಗಳೆಲ್ಲ ಇದ್ದವು. ಹದಿನಾರು ಜನ ಬುದ್ಧಿವಂತರು ಸುಮ್ಮನೆ ಕೊಳ್ಳುತ್ತಾರೆಯೇ ಎಂದೂ ಅನಿಸಿತು. ಅವರು ಯಾಕೆ ಕೊಂಡರೆಂದು ಲೋಕದಲ್ಲಿ ಬಲ್ಲ ಒಬ್ಬನೇ ಮನುಷ್ಯ, ಅವರನ್ನು ನೋಡಿ ತಾನೂ ಕೊಳ್ಳಲು ಹೊರಟ.

"ಖಾತೆ ತೆಗೀಬೇಕಿತ್ತು" ಎಂದು ಅವರು ಮ್ಯಾನೇಜರ್ ರುವಾನ್ ಕೋಣೆಗೆ ಹೋಗಿ ಪಿಸುಗುಟ್ಟಿದರು.

"ಯಾರಿಗೆ, ಮೊಮ್ಮಗನಿಗಾ?"

"ನನಗೆ."

ರುವಾನ್ ಪೆನ್ನು ಕೆಳಗಿಟ್ಟ. "ಮೇಷ್ಟ್ರೇ, ನಿಮ್ಮ ಹತ್ರ ಖಾತೆನೇ ಇಲ್ವಾ?"

"ಮೆಲ್ಲಗಪ್ಪಾ, ಮೆಲ್ಲಗೆ! ಹೊರಗೆ ಕೇಳ್ಸುತ್ತೆ."

ಅವನು ಒಳ್ಳೆಯ ಹುಡುಗ. ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು ಕಾಗದ ತುಂಬಿಸಿದ. ವೆಂಗ್ ತಮ್ಮ ಬದುಕಿನ ಮೊದಲ ನೂರು ಶೇರು ಕೊಂಡರು. ಒಂದೊಂದು ಶೇರು ಇಲ್ಲಿನ ಡಾಲರಿನಲ್ಲಿ ಒಂಬತ್ತು ಏರಿದರೆ ಹದಿನಾರು ಬಟ್ಟಲು ಬಂದುಬಿಡುತ್ತದೆ ಎಂದು ಚೀಟಿಯ ಹಿಂದೆ ಲೆಕ್ಕ ಹಾಕಿದ್ದರು.

ಅದ್ಯಾಕೋ ಎರಡು ದಿನ ತಲೆ ಸುತ್ತಿದಂತಾಗಿ ಕ್ಲಿನಿಕ್ಕಿಗೆ ಹೋದರು. ಡಾಕ್ಟರ್ ಶ್ಯೂ ಬಿ.ಪಿ. ಪುಸ್ತಕ ಕೇಳಿದರು. ವೆಂಗ್ ಚೌಕುಳಿ ಹಾಳೆಯನ್ನೇ ಮುಂದಿಟ್ಟರು. ಡಾಕ್ಟರ ಕಣ್ಣು ಅರಳಿತು.

"ಆಹಾ! ಚಾವಣಿ ಒಡೆದು ಎಷ್ಟು ಚೆನ್ನಾಗಿ ನಿಂತಿದೆ. ಇದು ಯಾವ ಕಂಪನಿ ಅಣ್ಣಾ?"

"ನಾನೇ ಡಾಕ್ಟ್ರೇ."

ಡಾಕ್ಟರ್ ಹಾಳೆಯನ್ನು ಹತ್ತಿರ ಹಿಡಿದು ಅಂಕಿಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ ನಗಲಿಲ್ಲ. "ಏನು ಮನಸ್ಸಿಗೆ ಹಚ್ಕೊಂಡಿದೀರಿ?" ಎಂದು ಕೇಳಿದರು. ವೆಂಗ್ ಬೇಸಿಗೆ ಎಂದರು. ಡಾಕ್ಟರ್ ಮಾತ್ರೆ ಬದಲಿಸಿ ಬರೆದುಕೊಟ್ಟರು.

ಹೊಸ ಮಾತ್ರೆ ಜೋರಾಗಿತ್ತು. ಮೊದಲ ದಿನವೇ ಉದ್ದನೆಯ ಹಸಿರು ಕಡ್ಡಿ ಬಿತ್ತು. ನೂರ ಅರವತ್ತೆಂಟರಿಂದ ನೂರ ಮೂವತ್ತೊಂಬತ್ತು, ಅಲ್ಲಿಂದ ನೂರ ಇಪ್ಪತ್ತೆರಡು, ನೆಲವೂ ಕುಸಿದುಹೋಯಿತು. ಆ ಬೆಳಿಗ್ಗೆ ಯೂ-ಚಾನ್ ಹಾಳೆ ನೋಡಿದವಳು ಕೂಡಲೇ ವಾಪಸು ಮಡಿಸಿಟ್ಟಳು. ಹತ್ತು ನಿಮಿಷದಲ್ಲಿ ಹದಿನಾರು ಕುರ್ಚಿ ಖಾಲಿಯಾದವು. ಎಲ್ಲರೂ ಶೇರು ಮಾರುವ ಕಿಟಕಿಯ ಮುಂದೆ ಸಾಲು ನಿಂತಿದ್ದರು. ಹೊಲಿಗೆ ಯಂತ್ರ ಇನ್ನೂ ನೂರ ಐವತ್ತೇಳರಲ್ಲಿತ್ತು.

"ನೀವು ಬಾಯಿ ಬಿಡ್ದೇ ಇದ್ರೂ ಅರ್ಥ ಆಯ್ತು ಮೇಷ್ಟ್ರೇ" ಎಂದಳು ಯೂ-ಚಾನ್ ತಿರುಗಿ ಬಂದು. "ಎಲ್ಲ ಮಾರಿಬಿಟ್ವಿ."

ವೆಂಗ್‌ಗೆ ಪಾಪ ಎನಿಸಿತು. ಡಾಕ್ಟರ ಮಾತ್ರೆ ನೋಡಿ ಇಷ್ಟು ಒಳ್ಳೆಯ ಶೇರು ಮಾರಿದ ಮೂರ್ಖರು! ನಿಜವಾದ ಚಿತ್ರದಲ್ಲಿ ಬೆಲೆ ತಿಂಗಳ ಗೆರೆಯ ಮೇಲೆ ಗಟ್ಟಿಯಾಗಿ ಕೂತಿದೆ. ಅವರೊಬ್ಬರೇ ಈಗ ವಿದ್ಯೆ ಬಲ್ಲವರು. ಅವರು ಮಾರಲಿಲ್ಲ. ಮರುದಿನ ಹೊಲಿಗೆ ಯಂತ್ರ ನೂರ ನಲವತ್ತೊಂಬತ್ತಕ್ಕೆ ಇಳಿಯಿತು. ನಷ್ಟ ಸಣ್ಣದಿರುವಾಗಲೇ ಕೈ ತೊಳೆದುಕೋ ಎಂದು ಮೊಲ ದೊಡ್ಡ ಅಕ್ಷರದಲ್ಲಿ ಹೇಳಿತ್ತು. ವೆಂಗ್ ಆ ಪುಟ ತಿರುವಿ ಹಾಕಿ ನೂರ ನಲವತ್ತೈದಕ್ಕೆ ಒಂದು ನೆಲ ಎಳೆದರು. ಅದು ಕುಸಿದಾಗ ನೂರ ನಲವತ್ತಕ್ಕೆ ಇನ್ನೊಂದು. ಜೂನ್ ಇಪ್ಪತ್ತೊಂಬತ್ತಕ್ಕೆ ಬೆಲೆ ನೂರ ಇಪ್ಪತ್ತೆಂಟಾಯಿತು, ಅವರ ಚಿತ್ರದಲ್ಲಿ ಐದು ನೆಲಗಳಿದ್ದವು.

ಕೊನೆಯ ದಿನ ಹಾಲ್‌ಗೆ ಎಲ್ಲರೂ ಬೇಗ ಬಂದರು. ಒಂದೂವರೆಗೆ ಫಲಕ ಕೊನೆಯ ಸಲ ನಿಂತಿತು. ಜನ ಕುರ್ಚಿಗಳಿಂದ ದಿಂಬು ಬಿಚ್ಚತೊಡಗಿದರು. ಗಂಟು ಬಿಗಿದುಹೋಗಿ ಕೋ ಹಲ್ಲಿನಲ್ಲಿ ಎಳೆಯುತ್ತಿದ್ದರು. ಆಗ ಜಗಳ ಶುರುವಾಯಿತು, ಇವತ್ತು ತಿನ್ನಿಸುವವರು ಯಾರೆಂದು. ಎಲ್ಲರೂ ಒಂದೇ ದಿನ ಲಾಭಕ್ಕೆ ಮಾರಿ, ತಿನ್ನಿಸುವುದನ್ನು ಕೊನೆಯ ದಿನಕ್ಕೆಂದು ಎತ್ತಿಟ್ಟವರು.

"ಸುಮ್ನಿರ್ರೀ ಎಲ್ಲರೂ" ಎಂದಳು ಯೂ-ಚಾನ್. "ಮೊದಲು ಮೇಷ್ಟ್ರು. ನೀವೆಷ್ಟಕ್ಕೆ ಮಾರಿದ್ರಿ?"

ವೆಂಗ್ ದಿಂಬನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಒಂದು ಸುಳ್ಳು ಸಾಕಿತ್ತು. ನೂರ ಐವತ್ತೆಂಟು ಎಂದು ಹೇಳಿ, ಜೇಬಿನ ದುಡ್ಡಿನಲ್ಲಿ ಬಟ್ಟಲು ತಂದುಬಿಟ್ಟರೆ ಕೇಳುವವರಾರು? ನಾಳೆ ಹಸಿರಾಗಲು ಗೋಡೆಯೇ ಇರುವುದಿಲ್ಲ. ಆದರೆ ಈ ಜನರ ಕೈಗೆ ಸುಳ್ಳಿನ ಬಟ್ಟಲು ಕೊಡಲು ಅವರಿಂದ ಆಗಲಿಲ್ಲ.

"ಮಾರಿಲ್ಲ" ಎಂದರು. "ನೂರ ಐವತ್ತಾರಕ್ಕೆ ಕೊಂಡೆ. ಇನ್ನೂ ಇಟ್ಕೊಂಡಿದೀನಿ. ನನ್ನ ಜೀವಮಾನದಲ್ಲಿ ಕೊಂಡಿದ್ದು ಅದೊಂದೇ. ನೀವು ನೋಡಿದ ಹಾಳೆ ಯಾವ ಶೇರಿಂದೂ ಅಲ್ಲ. ನನ್ನ ಬಿ.ಪಿ.ದು. ಅದು ಏರಿದ್ದು ನಿಮ್ಮ ಭಯಕ್ಕೆ, ಇಳಿದಿದ್ದು ಮಾತ್ರೆಗೆ. ನಾನು ಮೇಷ್ಟ್ರೂ ಅಲ್ಲ. ಎ.ಸಿ.ಗೆ ಅಂತ ಬಂದು ಕೂತೋನು."

ಯೂ-ಚಾನ್ ಮುಖ ಕೆಂಪಾಯಿತು. ಅವಳ ಕಾವಲಿಯ ದುಡ್ಡು ನೆನಪಾಗಿ ವೆಂಗ್ ತಲೆ ತಗ್ಗಿಸಿದರು.

"ಮುಂಡೇದೇ!" ಎಂದಳು ಅವಳು. ಗಂಡಸರಿಗೆ ಅವಳು ಹಾಗೆ ಬೈಯುವುದು ತೀರ ಸಿಟ್ಟು ಬಂದಾಗ. "ನಿಮ್ಮ ರಕ್ತಾನ ನಂಬ್ಕೊಂಡು ನಾನು ದುಡ್ಡು ಹಾಕಿದ್ನಾ?" ಆಮೇಲೆ ಅವಳ ತುಟಿ ಅದುರಿತು. "ನಮಗೆಲ್ಲ ಲಾಭ ಮಾಡಿಸಿ ನೀವೊಬ್ಬರೇ ಮುಳುಗಿದ್ರಾ? ಊರಿಗೆಲ್ಲ ಶಕುನ ಹೇಳೋ ಹಲ್ಲಿ ಹೋಗಿ ಮಜ್ಜಿಗೆ ಗಡಿಗೇಲಿ ಬಿತ್ತಂತೆ!" ಅವಳು ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದಳು. ಹಾಲ್ ಪೂರ್ತಿ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ರುವಾನ್ ಈ ಸಲ ಕೆಮ್ಮಲಿಲ್ಲ.

ನಗದವರು ಕೋ ಒಬ್ಬರೇ. ಅವರು ಕನ್ನಡಕ ಒರೆಸಿಕೊಂಡು ಕಚೇರಿಯ ದನಿ ತೆಗೆದರು. "ತೆರಿಗೆ ಇಲಾಖೇಲಿ ಒಂದು ಮಾತಿದೆ. ಆದಾಯ ಯಾರ ಹೆಸರಲ್ಲಿದೆ ಅನ್ನೋದು ಆಮೇಲೆ, ಎಲ್ಲಿ ಹುಟ್ತು ಅನ್ನೋದು ಮೊದಲು. ನಮ್ಮ ಲಾಭ ಪೇಟೆಯಿಂದ ಬಂದ ದುಡ್ಡು ಹೌದು. ಆದರೆ ಇದು ಹುಟ್ಟಿದ್ದು ಎಲ್ಲಿ? ಇವರ ಮೈಯಲ್ಲಿ." ಅವರು ಜೇಬಿನಿಂದ ನೋಟು ತೆಗೆದು ವೆಂಗ್ ಕೈಯಲ್ಲಿ ತುರುಕಿದರು. "ಇವತ್ತಿನ ದೌಹ್ವಾ ಮೇಷ್ಟ್ರದ್ದು."

ಒಬ್ಬೊಬ್ಬರೂ ನೋಟು ಇಟ್ಟರು. ವೆಂಗ್ ಬೇಡವೆನ್ನುತ್ತ ಕೈ ಹಿಂದೆಳೆದುಕೊಂಡರೂ ಯಾರೂ ಬಿಡಲಿಲ್ಲ. "ಹೋಗ್ರೀ, ಅಂಗಡಿ ಮುಚ್ಚುತ್ತೆ" ಎಂದು ಯೂ-ಚಾನ್ ಅವರ ಬೆನ್ನಿಗೆ ಗುದ್ದಿದಳು. "ನೀವೇ ಹೊತ್ಕೊಂಡು ಬರ್ಬೇಕು. ಪದ್ಧತಿ ಗೊತ್ತಲ್ಲ?"

ಪದ್ಧತಿ ಅವರಿಗೆ ನಾನೂರ ಹನ್ನೆರಡು ಸಲ ನೋಡಿ ಗೊತ್ತಿತ್ತು. ಬಿಸಿಲಿನಲ್ಲಿ ಬೀದಿ ದಾಟಿ, ಎರಡು ಸಲ ತಟ್ಟೆ ಹೊತ್ತು ತಂದರು. ತಟ್ಟೆ ವಾಲಿ ಸೋಯಾ ಹಾಲು ಅಂಗಿಯ ತೋಳಿಗೆ ಚೆಲ್ಲಿತು. ಹನ್ನೊಂದು ವರ್ಷ ಕೂತು ತಿಂದವರಿಗೆ ಬಟ್ಟಲು ಇಷ್ಟು ಭಾರವೆಂದು ಅವತ್ತೇ ತಿಳಿದದ್ದು. ಮೊದಲ ಸಾಲಿನಿಂದ ಶುರುಮಾಡಿ ಒಬ್ಬೊಬ್ಬರ ಹೆಸರು ಹಿಡಿದು ಕೈಗೇ ಕೊಟ್ಟರು. ಕೊನೆಗೆ ಯೂ-ಚಾನ್ ಕೈಗೆ.

"ಇವತ್ತು ಬೆಳಿಗ್ಗೆ ಎಷ್ಟಿತ್ತು ಮೇಷ್ಟ್ರೇ?" ಎಂದು ಕೇಳಿದಳು ಅವಳು, ಬಾಯಿ ತುಂಬಿಕೊಂಡು.

"ನೂರ ಇಪ್ಪತ್ನಾಲ್ಕು."

"ಅಲ್ಲೇ ಇರ್ಲಿ. ಅಲ್ಲಾಡ್ಬೇಡಿ."

ವೆಂಗ್ ನೀರಿನ ಡ್ರಮ್ಮಿನ ಪಕ್ಕ ನಿಂತುಕೊಂಡೇ ಹದಿನೇಳನೆಯ ಬಟ್ಟಲು ತಿಂದರು. ಕಣ್ಣು ಒರೆಸಿಕೊಂಡರು, ಯಾರು ನೋಡಿದರೂ ಚಿಂತೆಯಿಲ್ಲವೆಂದು. ಆಮೇಲೆ ಆ ಸಣ್ಣ ಪುಸ್ತಕ ತೆಗೆದು, ಹನ್ನೊಂದು ವರ್ಷ ಖಾಲಿ ಬಿಟ್ಟಿದ್ದ ಬಲಗಡೆಯ ಸಾಲಿನಲ್ಲಿ, ಹಳೆಯ ಗೇಟಿನ ಪುಸ್ತಕದಲ್ಲಿ ಬರೆಯುತ್ತಿದ್ದ ಕ್ರಮದಲ್ಲೇ ಬರೆದರು: ಮಧ್ಯಾಹ್ನ ಒಂದು ಐವತ್ತೆರಡು, ಕೊಟ್ಟದ್ದು ಹದಿನಾರು.